ಬ್ಲಾಕ್ ಇದ್ದರೂ ಸ್ಟೆಂಟ್ ತಕ್ಷಣ ಬೇಡವೇ? ಪ್ರಯೋಗಗಳ ಫಲಿತಾಂಶಗಳನ್ನು ಓದುವ ಬಗೆ ತಿಳಿಸಿ

ಪ್ರಶ್ನೆ: ಹಿರಿಮಗ

ನಮಸ್ಕಾರ. ನನ್ನ ತಂದೆಯವರಿಗೆ 67 ವರ್ಷ. ರಕ್ತದೊತ್ತಡಕ್ಕೆ ಹತ್ತು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲ. ಮೂರು ತಿಂಗಳ ಹಿಂದೆ ವಾರ್ಷಿಕ ತಪಾಸಣೆಯ ಅಂಗವಾಗಿ ಮಾಡಿದ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಇಸಿಜಿ ಬದಲಾವಣೆ ಕಂಡಿತೆಂದು ಆಂಜಿಯೋಗ್ರಾಂ ಮಾಡಿಸಿದೆವು. ಹೃದಯದ ಬಲಗಡೆಯ ರಕ್ತನಾಳದಲ್ಲಿ ಒಂದು ಕಡೆ ಶೇ. 70ರಷ್ಟು ಬ್ಲಾಕ್ ಇದೆಯೆಂದೂ ಎಡ ಮುಖ್ಯ ರಕ್ತನಾಳ ಚೆನ್ನಾಗಿದೆಯೆಂದೂ ವರದಿ ಹೇಳುತ್ತದೆ. ಎಕೋದಲ್ಲಿ ಹೃದಯದ ಪಂಪಿಂಗ್ ಸಹಜವಾಗಿದೆ. ಇದುವರೆಗೆ ಹೃದಯಾಘಾತವಾಗಿಲ್ಲ.

ನಾವು ಕಂಡ ಇಬ್ಬರು ತಜ್ಞರಲ್ಲಿ ಒಬ್ಬರು ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಜಾಲರಿ) ಹಾಕಿಸುವುದು ಒಳ್ಳೆಯದೆಂದರು. ಇನ್ನೊಬ್ಬರು ಮಾತ್ರೆಗಳನ್ನು ಸರಿಯಾದ ಪ್ರಮಾಣಕ್ಕೆ ತಂದು ಕೆಲವು ತಿಂಗಳು ನೋಡೋಣ ಎಂದರು. ಇಬ್ಬರೂ ತಮ್ಮ ಮಾತಿಗೆ ದೊಡ್ಡ ಸಂಶೋಧನೆಗಳ ಬೆಂಬಲವಿದೆ ಎಂದೇ ಹೇಳಿದ್ದರಿಂದ ಮನೆಗೆ ಬಂದು ನಾನೇ ಓದತೊಡಗಿದೆ. ಓದಿದಷ್ಟೂ ಗೊಂದಲ ಹೆಚ್ಚಾಯಿತು. 2020ರ ಇಸ್ಕೀಮಿಯಾ ಪ್ರಯೋಗದ ಪ್ರಕಾರ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. 2017ರ ಆರ್ಬಿಟಾ ಪ್ರಯೋಗದ ಪ್ರಕಾರ ಸ್ಟೆಂಟ್‌ನಿಂದ ನಡೆಯುವ ಶಕ್ತಿಯೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಅದೇ ಸಂಶೋಧಕರ ತಂಡ 2023ರಲ್ಲಿ ಪ್ರಕಟಿಸಿದ ಆರ್ಬಿಟಾ-2ರ ಪ್ರಕಾರ ಸ್ಟೆಂಟ್‌ನಿಂದ ನೋವು ನಿಜವಾಗಿಯೂ ಕಡಿಮೆಯಾಯಿತು.

ನಾನು ಯಂತ್ರಗಳ ನಡುವೆ ಕೆಲಸ ಮಾಡುವವನು. ಕೊಳವೆಯಲ್ಲಿ ಮುಕ್ಕಾಲು ಪಾಲು ಕಸ ಕಟ್ಟಿದ್ದರೆ ಅದನ್ನು ಬಿಡಿಸುವುದೇ ರಿಪೇರಿ ಎಂದು ನನ್ನ ಬುದ್ಧಿ ಹೇಳುತ್ತದೆ. ಬಿಡಿಸಿದರೂ ಆಯುಷ್ಯ ಹೆಚ್ಚುವುದಿಲ್ಲವೆಂದರೆ ಅದು ಹೇಗೆ ಸಾಧ್ಯ? ಒಂದಕ್ಕೊಂದು ವಿರುದ್ಧವೆನಿಸುವ ಈ ಫಲಿತಾಂಶಗಳಲ್ಲಿ ಯಾವುದನ್ನು ನಂಬಬೇಕು? ಚಿಕಿತ್ಸೆಯ ಸಲಹೆಯನ್ನು ನಮ್ಮ ವೈದ್ಯರಿಂದಲೇ ಪಡೆಯುತ್ತೇನೆ; ಈ ಪ್ರಯೋಗಗಳನ್ನು ಓದುವ ಬಗೆಯನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಎಡಹೃತ್ಕುಕ್ಷಿ

ಹೃದ್ರೋಗ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಬರೆಯುತ್ತಿದ್ದೇನೆ. ನಿಮ್ಮ ತಂದೆಯವರನ್ನು ಪರೀಕ್ಷಿಸದೆ ಅವರಿಗೆ ಏನು ಮಾಡಬೇಕೆಂದು ಹೇಳಲಾರೆ.

ನಿಮ್ಮ ಕೊಳವೆಯ ತರ್ಕವನ್ನು ನಮ್ಮ ವೃತ್ತಿಯವರೂ ಬಹುಕಾಲ ನಂಬಿದ್ದರು. 1977ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ ಎಚ್ಚರವಾಗಿದ್ದ ರೋಗಿಯೊಬ್ಬರ ಹೃದಯದ ರಕ್ತನಾಳವನ್ನು ಮೊದಲ ಬಾರಿಗೆ ಬಲೂನಿನಿಂದ ಅಗಲಿಸಿದರು. ಅಂದಿನಿಂದ, ಪರದೆಯ ಮೇಲೆ ಕಿರಿದಾದ ಜಾಗ ಕಣ್ಣೆದುರೇ ತೆರೆದುಕೊಳ್ಳುವುದನ್ನು ಕಂಡವರಿಗೆ ಅದರಿಂದ ಜೀವ ಉಳಿಯುತ್ತದೆಯೇ ಎಂದು ಸಂದೇಹಿಸುವುದು ಸುಲಭವಾಗಿರಲಿಲ್ಲ. ಕಣ್ಣಾರೆ ಕಂಡದ್ದರ ಬಲವೇ ಅಂಥದು.

ಆದರೆ ರಕ್ತನಾಳ ಕೊಳವೆಯಲ್ಲ. ಕೊಬ್ಬಿನ ಗಡ್ಡೆ ಬೆಳೆಯುವುದು ನಾಳದ ಗೋಡೆಯ ಒಳಪದರದಲ್ಲಿ. ಅದರ ಮೇಲೆ ನಾರಿನಂಥ ತೆಳು ಹೊದಿಕೆಯಿರುತ್ತದೆ. ಆ ಹೊದಿಕೆ ಬಿರಿದು, ಒಳಗಿನ ಕೊಬ್ಬು ರಕ್ತಕ್ಕೆ ತಾಗಿ, ಅಲ್ಲಿ ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟಿದಾಗ ಸಾಮಾನ್ಯವಾಗಿ ಹೃದಯಾಘಾತವಾಗುತ್ತದೆ. ಹೀಗೆ ಬಿರಿಯುವ ಗಡ್ಡೆ ಎಷ್ಟೋ ಸಲ ಆಂಜಿಯೋಗ್ರಾಂನಲ್ಲಿ ಗಮನಕ್ಕೇ ಬಾರದಷ್ಟು ಸಣ್ಣದು. ಸ್ಟೆಂಟ್ ಸರಿಪಡಿಸುವುದು ಒಂದೆರಡು ಸೆಂಟಿಮೀಟರ್ ಉದ್ದದ ಜಾಗವನ್ನು. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ, ರಕ್ತದೊತ್ತಡದ ಹತೋಟಿ, ತಂಬಾಕು ಬಿಡುವುದು ಇವು ಕಣ್ಣಿಗೆ ಕಾಣುವ ಮತ್ತು ಕಾಣದ ಎಲ್ಲ ಗಡ್ಡೆಗಳ ಮೇಲೂ ಕೆಲಸ ಮಾಡುತ್ತವೆ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಪ್ರಯೋಗದಲ್ಲಿ 4,444 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್, ಇನ್ನರ್ಧಕ್ಕೆ ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಐದು ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಹುಸಿ ಮಾತ್ರೆಯ ಗುಂಪಿನಲ್ಲಿ 256 ಮಂದಿ, ಔಷಧದ ಗುಂಪಿನಲ್ಲಿ 182 ಮಂದಿ ತೀರಿಕೊಂಡರು. ಕಿರಿದಾದ ನಾಳವನ್ನು ಬಲೂನಿನಂತೆ ಅಗಲಿಸದ ಮಾತ್ರೆಯೊಂದು ಸಾವುಗಳನ್ನು ತಗ್ಗಿಸಿತು.

ಸ್ಟೆಂಟ್ ಹಾಗೂ ಮಾತ್ರೆಯನ್ನು ನೇರವಾಗಿ ಹೋಲಿಸಿದ ದೊಡ್ಡ ಪ್ರಯೋಗಗಳಲ್ಲೊಂದು 2007ರ ಕರೇಜ್. ಸ್ಥಿರವಾದ ಎದೆನೋವಿನ 2,287 ಮಂದಿಯಲ್ಲಿ ಎಲ್ಲರಿಗೂ ಉತ್ತಮ ಔಷಧೋಪಚಾರ ಕೊಟ್ಟು, ಅರ್ಧದಷ್ಟು ಮಂದಿಗೆ ಅದರ ಜೊತೆಗೆ ಆಂಜಿಯೋಪ್ಲಾಸ್ಟಿಯನ್ನೂ (ಬಲೂನಿನಿಂದ ನಾಳವನ್ನು ಅಗಲಿಸಿ ಸ್ಟೆಂಟ್ ಹಾಕುವುದು) ಮಾಡಿದರು. ನಾಲ್ಕೂವರೆ ವರ್ಷದ ಕೊನೆಗೆ ಸಾವು ಅಥವಾ ಹೃದಯಾಘಾತ ಎರಡೂ ಗುಂಪಿನಲ್ಲಿ ಶೇ. 19ರ ಆಸುಪಾಸಿನಲ್ಲೇ ನಿಂತಿತು. ನೀವು ಓದಿದ ಇಸ್ಕೀಮಿಯಾ ಪ್ರಯೋಗ 37 ದೇಶಗಳ 5,179 ಮಂದಿಯ ಮೇಲೆ ನಡೆಯಿತು. ಪರೀಕ್ಷೆಯಲ್ಲಿ ಹೃದಯದ ಸ್ನಾಯುವಿಗೆ ರಕ್ತದ ಕೊರತೆ ಮಧ್ಯಮ ಅಥವಾ ತೀವ್ರ ಎಂದು ಕಂಡವರನ್ನೇ ಅಲ್ಲಿ ಆರಿಸಿಕೊಂಡಿದ್ದರು. ಸರಾಸರಿ ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ ಸ್ಟೆಂಟ್ ಅಥವಾ ಬೈಪಾಸ್‌ನ ಗುಂಪಿನಲ್ಲಿ 145 ಸಾವು, ಮಾತ್ರೆಯ ಗುಂಪಿನಲ್ಲಿ 144.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಪ್ರಯೋಗದಲ್ಲಿ ಯಾರಿದ್ದರು ಎಂಬುದಕ್ಕಿಂತ ಯಾರಿರಲಿಲ್ಲ ಎಂಬುದನ್ನು ಮೊದಲು ನೋಡಬೇಕು. ಎಡ ಮುಖ್ಯ ರಕ್ತನಾಳದಲ್ಲಿ ಅರ್ಧಕ್ಕಿಂತ ಹೆಚ್ಚು ತಡೆ ಇದ್ದವರನ್ನು, ಪಂಪಿಂಗ್ (ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು) ಶೇ. 35ಕ್ಕಿಂತ ಕೆಳಗಿಳಿದವರನ್ನು, ಇತ್ತೀಚೆಗೆ ಹೃದಯಾಘಾತವಾದವರನ್ನು, ಔಷಧ ಕೊಟ್ಟರೂ ತಡೆಯಲಾಗದ ನೋವಿರುವವರನ್ನು ಹೊರಗಿಟ್ಟಿದ್ದರು. ಹೃದಯಾಘಾತ ನಡೆಯುತ್ತಿರುವಾಗ ಮುಚ್ಚಿದ ನಾಳವನ್ನು ತೆರೆಯುವುದು ಜೀವ ಉಳಿಸುತ್ತದೆ. ಅದರ ಬಗ್ಗೆ ಈ ಪ್ರಯೋಗ ಒಂದು ಮಾತನ್ನೂ ಆಡುವುದಿಲ್ಲ. ಆದ್ದರಿಂದ "ಸ್ಟೆಂಟ್ ನಿಷ್ಪ್ರಯೋಜಕ" ಎಂಬ ಶೀರ್ಷಿಕೆ ಎಲ್ಲಿ ಕಂಡರೂ ಅದನ್ನು ಬರೆದವರು ಪ್ರಯೋಗದ ನಿಯಮಗಳ ಪುಟವನ್ನು ತೆರೆದಿಲ್ಲವೆಂದೇ ತಿಳಿಯಿರಿ.

ನೀವು ಕೊಟ್ಟ ವಿವರದಲ್ಲಿ ನನಗೆ ಬೇಕಾದ ಒಂದು ಸಂಗತಿಯೇ ಇಲ್ಲ. ನಿಮ್ಮ ತಂದೆಯವರಿಗೆ ಎದೆನೋವು ಇದೆಯೇ? ಇದ್ದರೆ ಯಾವಾಗ, ಎಷ್ಟು ಸಲ?

ಹಿರಿಮಗ

ವಿವರವಾದ ಉತ್ತರಕ್ಕೆ ಕೃತಜ್ಞತೆಗಳು. ತಪಾಸಣೆಗೆ ಹೋಗುವಾಗ ನೋವಿನ ಮಾತೇ ಇರಲಿಲ್ಲ. ವರದಿ ಬಂದ ಮೇಲೆ ಬಿಡದೆ ಕೇಳಿದಾಗ, ಎರಡು ಮಹಡಿ ಹತ್ತಿದರೆ ಎದೆ ಬಿಗಿದಂತಾಗುತ್ತದೆ, ನಿಂತರೆ ಎರಡು ಮೂರು ನಿಮಿಷದಲ್ಲಿ ಹೋಗುತ್ತದೆ, ತಿಂಗಳಿಗೆ ಎರಡು ಮೂರು ಸಲ ಹೀಗಾಗುತ್ತದೆ ಎಂದು ಒಪ್ಪಿಕೊಂಡರು. ವರದಿಯನ್ನು ನೋಡಿದ ನಂತರ ಅದು ಹೆಚ್ಚಾಗಿದೆ ಎಂದೂ ಹೇಳುತ್ತಾರೆ. ಅದು ನಿಜವಾಗಿ ಹೆಚ್ಚಾಗಿದೆಯೋ ಗಮನ ಹೆಚ್ಚಾಗಿದೆಯೋ ನನಗೆ ತಿಳಿಯುತ್ತಿಲ್ಲ. ಇನ್ನೊಂದು ಮಾತು: ನೋವಿನ ದೂರೇ ಇಲ್ಲದವರಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದ್ದು ಸರಿಯೇ ಎಂದು ಎರಡನೆಯ ವೈದ್ಯರು ಕೇಳಿದರು. ಅವರು ಹಾಗೆ ಕೇಳಿದ್ದೇಕೆಂದು ಅರ್ಥವಾಗಲಿಲ್ಲ. ಪರೀಕ್ಷೆ ಮಾಡಿದ್ದರಿಂದಲೇ ಅಲ್ಲವೇ ಬ್ಲಾಕ್ ಗೊತ್ತಾದದ್ದು?

ಉತ್ತರ: ಸರಾಸರಿ

ನಾನು ವೈದ್ಯನಲ್ಲ, ವೈದ್ಯಕೀಯ ಪ್ರಯೋಗಗಳ ಅಂಕಿಅಂಶ ನೋಡುವುದು ನನ್ನ ಉದ್ಯೋಗ. ನಿಮ್ಮ ಕೊನೆಯ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ.

ಟ್ರೆಡ್‌ಮಿಲ್ ಇಸಿಜಿ ಪರೀಕ್ಷೆಯ ಕುರಿತ 147 ವರದಿಗಳನ್ನು, ಅಂದರೆ ಸುಮಾರು 24,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 1989ರ ವಿಶ್ಲೇಷಣೆಯೊಂದಿದೆ. ಅದರ ಪ್ರಕಾರ ಕಾಯಿಲೆ ಇರುವ ನೂರು ಜನರಲ್ಲಿ ಈ ಪರೀಕ್ಷೆ ಹಿಡಿಯುವುದು ಸರಾಸರಿ 68 ಮಂದಿಯನ್ನು; ಕಾಯಿಲೆ ಇಲ್ಲದ ನೂರು ಜನರಲ್ಲಿ 77 ಮಂದಿಗೆ ಸರಿಯಾಗಿ "ಇಲ್ಲ" ಎನ್ನುತ್ತದೆ, ಉಳಿದ 23 ಮಂದಿಗೆ ಸುಳ್ಳೇ "ಇದೆ" ಎನ್ನುತ್ತದೆ. ಈಗ ಯಾವ ದೂರೂ ಇಲ್ಲದ ಸಾವಿರ ಜನರನ್ನು ಊಹಿಸಿಕೊಳ್ಳಿ. ಅವರಲ್ಲಿ ನೂರು ಮಂದಿಗೆ ಕಾಯಿಲೆ ಇದೆಯೆಂದುಕೊಳ್ಳೋಣ. ಪರೀಕ್ಷೆ ಆ ನೂರರಲ್ಲಿ 68 ಮಂದಿಯನ್ನು ಹಿಡಿಯುತ್ತದೆ. ಆದರೆ ಉಳಿದ 900 ಆರೋಗ್ಯವಂತರಲ್ಲಿ 207 ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು 275 ಪಾಸಿಟಿವ್‌ಗಳಲ್ಲಿ ನಿಜವಾದವು ಕಾಲು ಭಾಗ ಮಾತ್ರ. ಇದೇ ಪರೀಕ್ಷೆಯನ್ನು ಖಚಿತವಾದ ಲಕ್ಷಣಗಳಿರುವ, ಸಾವಿರಕ್ಕೆ 700 ಮಂದಿಗೆ ಕಾಯಿಲೆ ಇರುವ ಗುಂಪಿನಲ್ಲಿ ಮಾಡಿದರೆ ಪಾಸಿಟಿವ್ ಬಂದ 545 ಮಂದಿಯಲ್ಲಿ 476 ಮಂದಿಗೆ ಕಾಯಿಲೆ ಇದ್ದೇ ಇರುತ್ತದೆ. ಯಂತ್ರ ಒಂದೇ, ಕಾಗದದ ಮೇಲಿನ ಗೆರೆ ಒಂದೇ. ಯಾರಿಗೆ ಮಾಡಿದರು ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಎರಡನೆಯ ವೈದ್ಯರು ಕೇಳಿದ್ದು ಇದನ್ನೇ ಇರಬೇಕು.

ಆ 68 ಮತ್ತು 77 ಎಂಬ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬಬಾರದು. ಟ್ರೆಡ್‌ಮಿಲ್‌ನಲ್ಲಿ ಪಾಸಿಟಿವ್ ಬಂದವರನ್ನೇ ಹೆಚ್ಚಾಗಿ ಆಂಜಿಯೋಗ್ರಾಂಗೆ ಕಳಿಸುವುದರಿಂದ, ನೆಗೆಟಿವ್ ಬಂದವರಲ್ಲಿ ಎಷ್ಟು ಮಂದಿಗೆ ಕಾಯಿಲೆ ಇತ್ತೆಂದು ತಿಳಿಯುವುದೇ ಇಲ್ಲ. ರೋಗಪತ್ತೆಯ ಸಂಶೋಧನೆಯಲ್ಲಿ ಇದು ಹಳೆಯ ಹುಳುಕು.

ಆ ಕಾರಣಕ್ಕೇ ಈಚಿನ ಸಂಶೋಧನೆ "ಈ ಪರೀಕ್ಷೆ ಎಷ್ಟು ನಿಖರ" ಎಂದು ಕೇಳುವುದಕ್ಕಿಂತ "ಈ ಪರೀಕ್ಷೆ ಮಾಡಿಸಿಕೊಂಡವರು ಮುಂದೆ ಹೇಗಿದ್ದಾರೆ" ಎಂದು ಕೇಳುತ್ತಿದೆ. ಸ್ಕಾಟ್ಲೆಂಡಿನ ಸ್ಕಾಟ್-ಹಾರ್ಟ್ ಪ್ರಯೋಗದಲ್ಲಿ ಎದೆನೋವೆಂದು ಬಂದ 4,146 ಮಂದಿಯಲ್ಲಿ ಅರ್ಧ ಮಂದಿಗೆ ವಾಡಿಕೆಯ ತಪಾಸಣೆಯ ಜೊತೆಗೆ ಸಿಟಿ ಆಂಜಿಯೋಗ್ರಾಂ ಮಾಡಿದರು. ಐದು ವರ್ಷದ ನಂತರ ಹೃದ್ರೋಗದ ಸಾವು ಅಥವಾ ಹೃದಯಾಘಾತ ಸಿಟಿ ಗುಂಪಿನಲ್ಲಿ ಶೇ. 2.3, ಇನ್ನೊಂದರಲ್ಲಿ ಶೇ. 3.9. ಸ್ವಾರಸ್ಯವೆಂದರೆ ಐದು ವರ್ಷದಲ್ಲಿ ಸ್ಟೆಂಟ್ ಮತ್ತು ಬೈಪಾಸ್‌ಗಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬಂದದ್ದು ಬಹುಶಃ ಗಡ್ಡೆಯನ್ನು ಚಿತ್ರದಲ್ಲಿ ಕಂಡವರಿಗೆ ಸ್ಟ್ಯಾಟಿನ್ ಮತ್ತು ಆಸ್ಪಿರಿನ್ ಬೇಗ ಶುರುವಾದದ್ದರಿಂದ. ಆದರೆ 2015ರಲ್ಲಿ ಪ್ರಕಟವಾದ ಪ್ರಾಮಿಸ್ ಪ್ರಯೋಗ ಹತ್ತು ಸಾವಿರ ಮಂದಿಯಲ್ಲಿ ಸಿಟಿಯನ್ನು ಟ್ರೆಡ್‌ಮಿಲ್‌ನಂಥ ಪರೀಕ್ಷೆಗಳ ಜೊತೆ ಹೋಲಿಸಿದಾಗ, ಎರಡು ವರ್ಷದ ಅವಧಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನೀವು ಒಂದನ್ನಷ್ಟೇ ಓದಿದ್ದರೆ ನಿಮಗೆ ಗೊಂದಲವೇ ಇರುತ್ತಿರಲಿಲ್ಲ. ಗೊಂದಲವಾಗಿದೆಯೆಂದರೆ ಸರಿಯಾಗಿಯೇ ಓದುತ್ತಿದ್ದೀರಿ.

ಕೊಳವೆ ಬಿಡಿಸಿದರೂ ಆಯುಷ್ಯ ಹೆಚ್ಚದಿರುವುದು ಹೇಗೆ ಸಾಧ್ಯ ಎಂದಿರಿ. ತರ್ಕ ಸರಿಯೆನಿಸಿದರೂ ಫಲ ತಪ್ಪಿದ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹೃದಯಾಘಾತದ ನಂತರ ಅಲ್ಲಲ್ಲಿ ತಪ್ಪುವ ಬಡಿತಗಳಿರುವವರಿಗೆ ಸಾವಿನ ಅಪಾಯ ಹೆಚ್ಚೆಂಬುದು ಎಂಬತ್ತರ ದಶಕದಲ್ಲಿ ಗೊತ್ತಿತ್ತು. ಆ ಬಡಿತಗಳನ್ನು ಅಡಗಿಸುವ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳೂ ಇದ್ದವು. ಅಡಗಿಸಿದರೆ ಜೀವ ಉಳಿಯಬೇಕಲ್ಲವೇ? ಕಾಸ್ಟ್ ಎಂಬ ಪ್ರಯೋಗದ 1991ರ ವರದಿಯಲ್ಲಿ, ಹೆಚ್ಚುಕಡಿಮೆ ಸಮನಾದ ಎರಡು ಗುಂಪುಗಳ ಪೈಕಿ ಔಷಧ ಪಡೆದವರಲ್ಲಿ 63 ಮಂದಿ, ಹುಸಿ ಮಾತ್ರೆ ಪಡೆದವರಲ್ಲಿ 26 ಮಂದಿ ಸತ್ತಿದ್ದರು. ಇಸಿಜಿ ಸುಂದರವಾಗಿತ್ತು. ಅಂದಿನಿಂದ ನಮ್ಮ ವೃತ್ತಿಯಲ್ಲಿ ಇಸಿಜಿಯನ್ನೋ ರಕ್ತಪರೀಕ್ಷೆಯನ್ನೋ ಸರಿಪಡಿಸಿದೆವು ಎಂದರೆ ಸಾಲದು. ರೋಗಿಗೆ ಏನಾಯಿತು ಎಂದು ಕೇಳುತ್ತೇವೆ.

ಉತ್ತರ: ಒಪ್ಪಿಗೆಪತ್ರ

ನಾನು ತಜ್ಞಳಲ್ಲ. ಹೃದಯ ವೈಫಲ್ಯದ ಔಷಧವೊಂದರ ಪ್ರಯೋಗದಲ್ಲಿ ಎರಡು ವರ್ಷ ಭಾಗವಹಿಸಿದ್ದೆ. ಆ ಕಡೆಯಿಂದ ಕಂಡದ್ದನ್ನು ಹೇಳಬಹುದೆನಿಸಿತು.

ಮೊದಲ ದಿನ ಒಪ್ಪಿಗೆಪತ್ರವನ್ನು ಪುಟಪುಟವಾಗಿ ಓದಿಸಿ, ಯಾವಾಗ ಬೇಕಾದರೂ ಕಾರಣ ಕೊಡದೆ ಬಿಟ್ಟು ಹೋಗಬಹುದು, ಹೋದರೂ ನನ್ನ ಮಾಮೂಲಿ ಚಿಕಿತ್ಸೆಗೆ ಏನೂ ತೊಂದರೆಯಾಗದು ಎಂದು ತಿಳಿಸಿದರು. ನನಗೆ ಸಿಗುವುದು ಔಷಧವೋ ಹುಸಿ ಮಾತ್ರೆಯೋ ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ನಿರ್ಧರಿಸಿತು. ನನಗೂ ಗೊತ್ತಿಲ್ಲ, ಮಾತ್ರೆ ಕೊಟ್ಟ ದಾದಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಎರಡನೆಯ ವಾರಕ್ಕೇ ನನಗೆ ಮೈ ಹಗುರಾದಂತಾಯಿತು. ಔಷಧವೇ ಸಿಕ್ಕಿದೆ ಎಂದು ಮನೆಯಲ್ಲಿ ಹೇಳಿಕೊಂಡು ಓಡಾಡಿದೆ. ಪ್ರಯೋಗ ಮುಗಿದು ಪಟ್ಟಿ ತೆರೆದಾಗ ತಿಳಿಯಿತು, ಎರಡು ವರ್ಷವೂ ನಾನು ನುಂಗಿದ್ದು ಹುಸಿ ಮಾತ್ರೆ. ನಾನು ಸುಳ್ಳು ಹೇಳಿರಲಿಲ್ಲ. ಮೈ ಹಗುರಾದದ್ದು ನಿಜ. ತಿಂಗಳಿಗೊಮ್ಮೆ ತೂಕ, ಕಾಲಿನ ಊತ, ಉಪ್ಪಿನ ಲೆಕ್ಕ ಎಂದು ಒಬ್ಬರು ಕೂತು ವಿಚಾರಿಸುತ್ತಿದ್ದರೆ ಯಾರಿಗಾದರೂ ಅಷ್ಟು ಒಳ್ಳೆಯದಾಗುತ್ತದೆ.

ಇದರ ತಿರುಗುಮುರುಗೂ ಉಂಟೆಂದು ಆಮೇಲೆ ಓದಿದೆ. 2020ರ ಸ್ಯಾಮ್ಸನ್ ಎಂಬ ಸಣ್ಣ ಪ್ರಯೋಗದಲ್ಲಿ, ಮೈಕೈ ನೋವಿನಂಥ ತೊಂದರೆಗೆ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಹುಸಿ ಮಾತ್ರೆ, ಕೆಲವು ತಿಂಗಳು ಖಾಲಿ ಬಾಟಲಿ ಕೊಟ್ಟು, ದಿನದಿನದ ತೊಂದರೆಗೆ ಅಂಕ ಹಾಕಿಸಿದರು. ಮಾತ್ರೆಯಿಲ್ಲದ ತಿಂಗಳಲ್ಲಿ ಸರಾಸರಿ 8, ಹುಸಿ ಮಾತ್ರೆಯಲ್ಲಿ 15.4, ಸ್ಟ್ಯಾಟಿನ್‌ನಲ್ಲಿ 16.3. ತೊಂದರೆ ನಿಜವೇ, ಆದರೆ ಅದರ ಹೆಚ್ಚಿನ ಪಾಲು ಬಂದದ್ದು ಮಾತ್ರೆ ನುಂಗುತ್ತಿದ್ದೇನೆ ಎಂಬ ಅರಿವಿನಿಂದ. ನಿಮ್ಮ ತಂದೆಯವರಿಗೆ ವರದಿ ನೋಡಿದ ಮೇಲೆ ಎದೆಬಿಗಿತ ಹೆಚ್ಚಾಯಿತೆಂದಿರಿ. ಅದನ್ನು ಭ್ರಮೆಯೆಂದು ತಳ್ಳಿಹಾಕಬೇಡಿ, ಬ್ಲಾಕ್ ಹೆಚ್ಚಾಗಿದೆಯೆಂದೂ ತಾವೇ ತೀರ್ಮಾನಿಸಬೇಡಿ. ದಿನಾಂಕ, ಮಾಡುತ್ತಿದ್ದ ಕೆಲಸ, ಎಷ್ಟು ನಿಮಿಷ ಎಂದು ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ಪ್ರಯೋಗದಲ್ಲಿ ನಮ್ಮಿಂದಲೂ ಅದನ್ನೇ ಮಾಡಿಸುತ್ತಿದ್ದರು.

ಉತ್ತರ: ಸಂದೇಹಿ

ಮೇಲಿನ ಉತ್ತರಗಳು ಪ್ರಯೋಗಗಳ ಮೇಲೆ ಅತಿಯಾದ ಭರವಸೆ ಇಟ್ಟಿವೆ ಎಂದು ನನಗನಿಸುತ್ತದೆ. ಕರೇಜ್ ಪ್ರಯೋಗಕ್ಕಾಗಿ 35,000ಕ್ಕೂ ಹೆಚ್ಚು ಮಂದಿಯನ್ನು ಪರಿಶೀಲಿಸಿ ಸೇರಿಸಿಕೊಂಡದ್ದು 2,287 ಮಂದಿಯನ್ನು, ಅವರಲ್ಲಿ ಶೇ. 85ರಷ್ಟು ಗಂಡಸರು. ಹೀಗೆ ಜರಡಿ ಹಿಡಿದವರ ಮೇಲೆ ಕಂಡದ್ದನ್ನು ಎಲ್ಲರಿಗೂ ಅನ್ವಯಿಸುವುದೆಂತು? ಎರಡನೆಯದು, ಮಾತ್ರೆಯ ಗುಂಪಿಗೆ ಬಿದ್ದವರಲ್ಲಿ ಕರೇಜ್‌ನಲ್ಲಿ ಸುಮಾರು ಮೂರನೇ ಒಂದು ಭಾಗ, ಇಸ್ಕೀಮಿಯಾದಲ್ಲಿ ಸುಮಾರು ಐದನೇ ಒಂದು ಭಾಗ ಮಂದಿ ನಡುವೆಯೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡರು. ಅವರನ್ನೂ ಮಾತ್ರೆಯ ಲೆಕ್ಕಕ್ಕೇ ಸೇರಿಸಿದ್ದಾರೆ. ಮೂರನೆಯದು, ಸರಾಸರಿಯ ಹಿಂದೆ ಲಾಭ ಪಡೆದವರೂ ನಷ್ಟಪಟ್ಟವರೂ ಅಡಗಿರುತ್ತಾರೆ. ಪ್ರಶ್ನೆ ಕೇಳಿದವರ ತಂದೆಯಂಥವರನ್ನು, ಅಂದರೆ 65 ದಾಟಿದ, ರಕ್ತದೊತ್ತಡವಿರುವ, ಒಂದೇ ಬ್ಲಾಕ್ ಇರುವ ಗಂಡಸರನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಬೇರೆ ಉತ್ತರ ಬರಬಹುದಲ್ಲವೇ?

ಉತ್ತರ: ಸರಾಸರಿ

ಮೂರನೆಯದಕ್ಕೆ ಮಾತ್ರ ಉತ್ತರಿಸುತ್ತೇನೆ. 1988ರ ಐಸಿಸ್-2 ಪ್ರಯೋಗದಲ್ಲಿ ಹೃದಯಾಘಾತವಾದ 17,187 ಮಂದಿಯಲ್ಲಿ ಆಸ್ಪಿರಿನ್ ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವುಗಳನ್ನು ಕಾಲು ಭಾಗಕ್ಕೆ ಹತ್ತಿರ ತಗ್ಗಿಸಿತು. ಒಳಗುಂಪುಗಳ ಫಲಿತಾಂಶವನ್ನೂ ಕೊಡಿರೆಂದು ವರದಿ ಪ್ರಕಟಿಸುವ ವೈದ್ಯಕೀಯ ಪತ್ರಿಕೆಯವರು ಒತ್ತಾಯಿಸಿದಾಗ ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿ ಕೊಟ್ಟರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವಿಲ್ಲ, ಸ್ವಲ್ಪ ಕೆಡುಕೇ ಎಂದು ಬಂತು. ಉಳಿದ ಹತ್ತು ರಾಶಿಗಳಿಗೆ ಭರ್ಜರಿ ಲಾಭ. ಗುಂಪನ್ನು ಸಾಕಷ್ಟು ಸಲ ಒಡೆದರೆ ಯಾವ ಕಥೆಯನ್ನಾದರೂ ಹೊರಡಿಸಬಹುದು. ಪ್ರಯೋಗ ಶುರುವಾಗುವ ಮುನ್ನವೇ "ಈ ಗುಂಪನ್ನು ಬೇರೆಯಾಗಿ ನೋಡುತ್ತೇವೆ" ಎಂದು ಬರೆದಿಟ್ಟಿದ್ದರೆ ಮಾತ್ರ ಅಂಥ ವಿಂಗಡಣೆಗೆ ಬೆಲೆ.

ಉತ್ತರ: ಎಡಹೃತ್ಕುಕ್ಷಿ

ಸಂದೇಹಿಯವರ ಮೊದಲ ಎರಡು ಆಕ್ಷೇಪಗಳಲ್ಲಿ ಹುರುಳಿದೆ. ಹೆಂಗಸರ ಪಾಲು ಇಸ್ಕೀಮಿಯಾದಲ್ಲಿಯೂ ನಾಲ್ಕನೇ ಒಂದಕ್ಕಿಂತ ಕಡಿಮೆ. ಹೆಂಗಸರಲ್ಲಿ ದೊಡ್ಡ ನಾಳಗಳು ತೆರೆದಿದ್ದೂ ಸೂಕ್ಷ್ಮ ನಾಳಗಳ ದೋಷದಿಂದ ನೋವು ಬರುವುದು ಹೆಚ್ಚು. ಅಂಥವರಿಗೆ "ಆಂಜಿಯೋಗ್ರಾಂ ನಾರ್ಮಲ್" ಎಂದು ಹೇಳಿ ಮನೆಗೆ ಕಳಿಸಿದ ತಪ್ಪನ್ನು ನಾವು ವರ್ಷಾನುಗಟ್ಟಲೆ ಮಾಡಿದ್ದೇವೆ. ಗುಂಪು ಬದಲಿಸಿದವರ ವಿಷಯಕ್ಕೆ ಬಂದರೆ, ಅವರನ್ನು ಮೂಲ ಗುಂಪಿನಲ್ಲೇ ಎಣಿಸುವುದು ಅನಿವಾರ್ಯ. ಇಲ್ಲದಿದ್ದರೆ ಚೀಟಿ ಎತ್ತಿದ್ದಕ್ಕೆ ಅರ್ಥವೇ ಉಳಿಯದು. ಆದ್ದರಿಂದ ಈ ಪ್ರಯೋಗಗಳು ಹೋಲಿಸಿದ್ದು "ಸ್ಟೆಂಟ್ ಅಥವಾ ಎಂದೂ ಸ್ಟೆಂಟ್ ಇಲ್ಲ" ಎಂಬುದನ್ನಲ್ಲ. "ಈಗಲೇ ಸ್ಟೆಂಟ್, ಅಥವಾ ಮೊದಲು ಮಾತ್ರೆ, ಬೇಕಾದರೆ ಮುಂದೆ ಸ್ಟೆಂಟ್" ಎಂಬ ಎರಡು ದಾರಿಗಳನ್ನು. ಹಿರಿಮಗ ಅವರೇ, ನಿಮ್ಮ ಎರಡನೆಯ ವೈದ್ಯರು ಹೇಳಿದ್ದು ಈ ಎರಡನೆಯ ದಾರಿಯನ್ನೇ.

ಇನ್ನು ಆರ್ಬಿಟಾದ ವಿರೋಧಾಭಾಸ. ಮೊದಲು ಒಂದು ಹಳೆಯ ಕಥೆ. ಎದೆಯ ಒಳಗೋಡೆಯ ಎರಡು ಅಪಧಮನಿಗಳನ್ನು ಕಟ್ಟಿಬಿಟ್ಟರೆ ಹೃದಯಕ್ಕೆ ಹೆಚ್ಚು ರಕ್ತ ಹರಿಯುತ್ತದೆಂದು ಐವತ್ತರ ದಶಕದಲ್ಲಿ ಎದೆನೋವಿಗೆ ಒಂದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ರೋಗಿಗಳಲ್ಲಿ ಬಹುಪಾಲು ಮಂದಿ ಗುಣ ಕಂಡಿದೆ ಎನ್ನುತ್ತಿದ್ದರು. 1959 ಮತ್ತು 1960ರಲ್ಲಿ ಎರಡು ಪುಟ್ಟ ಪ್ರಯೋಗಗಳು, ತಲಾ ಇಪ್ಪತ್ತು ಮಂದಿಯೂ ಇಲ್ಲದವು, ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದವು. ಅವರಿಗೂ ಅಷ್ಟೇ ಗುಣ ಕಂಡಿತು. ಆ ಶಸ್ತ್ರಚಿಕಿತ್ಸೆ ಅಲ್ಲಿಗೆ ನಿಂತುಹೋಯಿತು. ವಿಚಿತ್ರವೆಂದರೆ ಆಂಜಿಯೋಪ್ಲಾಸ್ಟಿಯನ್ನು ಎದೆನೋವಿನ ಮಟ್ಟಿಗೆ ಅಂಥದೇ ಪರೀಕ್ಷೆಗೆ ಒಡ್ಡಲು ಗ್ರುಂಟ್ಸಿಗ್ ನಂತರ ನಲವತ್ತು ವರ್ಷ ಬೇಕಾಯಿತು.

ಆರ್ಬಿಟಾದಲ್ಲಿ ಒಂದೇ ನಾಳದಲ್ಲಿ ಶೇ. 70ಕ್ಕೆ ಕಡಿಮೆಯಿಲ್ಲದ ತಡೆ ಇದ್ದ 200 ಮಂದಿಯಿದ್ದರು. ಮೇಲ್ನೋಟಕ್ಕೆ ನಿಮ್ಮ ತಂದೆಯವರಂಥವರೇ. ಮೊದಲ ಆರು ವಾರ ಮಾತ್ರೆಗಳನ್ನು ಗರಿಷ್ಠ ಮಟ್ಟಕ್ಕೆ ತಂದರು. ಆಮೇಲೆ ಎಲ್ಲರಿಗೂ ಹೆಡ್‌ಫೋನ್ ಹಾಕಿ, ಮಂಪರಿನ ಔಷಧ ಕೊಟ್ಟು, ಅರ್ಧ ಮಂದಿಗೆ ಸ್ಟೆಂಟ್ ಹಾಕಿದರು. ಉಳಿದವರನ್ನು ಕನಿಷ್ಠ ಹದಿನೈದು ನಿಮಿಷ ಮೇಜಿನ ಮೇಲೆಯೇ ಮಲಗಿಸಿ ಏನೂ ಮಾಡದೆ ಎಬ್ಬಿಸಿದರು. ಆರು ವಾರದ ನಂತರ ಟ್ರೆಡ್‌ಮಿಲ್ ಮೇಲೆ ನಡೆಯುವ ಅವಧಿ ಸ್ಟೆಂಟ್ ಗುಂಪಿನಲ್ಲಿ 28 ಸೆಕೆಂಡು, ಹುಸಿ ಗುಂಪಿನಲ್ಲಿ 12 ಸೆಕೆಂಡು ಹೆಚ್ಚಿತ್ತು; ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆರ್ಬಿಟಾ-2ರಲ್ಲಿ ಇದಕ್ಕೆ ತದ್ವಿರುದ್ಧ: 301 ಮಂದಿಗೂ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿಯೇ ಪ್ರಯೋಗ ಶುರುಮಾಡಿದರು. ಆಗ ಸ್ಟೆಂಟ್‌ನ ಲಾಭ ಸ್ಪಷ್ಟವಾಗಿ ಕಂಡಿತು, ನಡೆಯುವ ಅವಧಿ ಹುಸಿ ಗುಂಪಿಗಿಂತ ಸುಮಾರು ಒಂದು ನಿಮಿಷ ಹೆಚ್ಚಾಯಿತು. ಆದರೂ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನೋವು ಅಷ್ಟಿಷ್ಟು ಉಳಿದೇ ಇತ್ತು.

ಹೀಗೆ ನೋಡಿದರೆ ಎರಡರ ನಡುವೆ ಜಗಳವೇ ಇಲ್ಲ. ಮೊದಲನೆಯದು ಕೇಳಿದ್ದು: ಮಾತ್ರೆ ಪೂರ್ತಿ ಕೊಟ್ಟ ಮೇಲೆ ಸ್ಟೆಂಟ್ ಇನ್ನೇನು ಕೂಡಿಸುತ್ತದೆ? ಎರಡನೆಯದು ಕೇಳಿದ್ದು: ಮಾತ್ರೆಯೇ ಇಲ್ಲದಿದ್ದರೆ ಸ್ಟೆಂಟ್ ಒಂದೇ ಏನು ಮಾಡಬಲ್ಲದು? ಇಸ್ಕೀಮಿಯಾ ಕೇಳಿದ್ದು ಆಯುಷ್ಯ ಮತ್ತು ಹೃದಯಾಘಾತದ ಪ್ರಶ್ನೆ. ಅದೇ ಪ್ರಯೋಗದ ನೋವಿನ ಲೆಕ್ಕದಲ್ಲಿ, ವಾರಕ್ಕೊಮ್ಮೆಯಾದರೂ ನೋವಿದ್ದವರ ಪೈಕಿ ಒಂದು ವರ್ಷದ ನಂತರ ನೋವಿಲ್ಲದವರು ಸ್ಟೆಂಟ್ ಅಥವಾ ಬೈಪಾಸ್ ಗುಂಪಿನಲ್ಲಿ ಅರ್ಧದಷ್ಟು, ಮಾತ್ರೆಯ ಗುಂಪಿನಲ್ಲಿ ಐದನೇ ಒಂದರಷ್ಟು. ಆದರೆ ಅಲ್ಲಿ ಯಾರಿಗೆ ಏನು ಮಾಡಿದರೆಂಬುದು ರೋಗಿಗಳಿಗೆ ಗೊತ್ತಿತ್ತು. ಒಪ್ಪಿಗೆಪತ್ರ ಅವರು ಬರೆದ ಅನುಭವವನ್ನು ನೆನೆದರೆ ಆ ಅಂಕಿಯಿಂದ ಎಷ್ಟನ್ನು ಕಳೆಯಬೇಕೆಂದು ನೀವೇ ಯೋಚಿಸಬಹುದು. ನೋವೇ ಇಲ್ಲದವರಿಗೆ ನೋವಿನ ಲೆಕ್ಕದಲ್ಲಿ ಸಿಗಬಹುದಾದ ಲಾಭ ಸೊನ್ನೆ.

ಆತುರದ ತೀರ್ಮಾನಕ್ಕೆ ಇಸ್ಕೀಮಿಯಾದ ಇನ್ನೊಂದು ಅಂಕಿ ತಡೆ ಹಾಕುತ್ತದೆ. ಮೊದಲ ಆರು ತಿಂಗಳಲ್ಲಿ ಸಾವು, ಹೃದಯಾಘಾತ ಮುಂತಾದ ಅನಾಹುತಗಳು ಸ್ಟೆಂಟ್–ಬೈಪಾಸ್ ಗುಂಪಿನಲ್ಲೇ ಹೆಚ್ಚು, ಶೇ. 5.3ಕ್ಕೆ ಶೇ. 3.4; ಚಿಕಿತ್ಸೆಯ ಸಮಯದಲ್ಲೇ ಆಗುವ ಹೃದಯಾಘಾತಗಳು ಇದಕ್ಕೆ ಕಾರಣ. ಐದನೆಯ ವರ್ಷಕ್ಕೆ ತಕ್ಕಡಿ ಸ್ಟೆಂಟ್–ಬೈಪಾಸ್ ಗುಂಪಿನ ಪರವಾಗಿ ವಾಲಿತು, ಶೇ. 16.4ಕ್ಕೆ ಶೇ. 18.2. ಏಳು ವರ್ಷದವರೆಗಿನ ಮುಂದುವರಿದ ಲೆಕ್ಕದಲ್ಲಿ ಹೃದಯ ಸಂಬಂಧಿ ಸಾವುಗಳು ಈ ಗುಂಪಿನಲ್ಲಿ ಕಡಿಮೆ, ಇತರ ಕಾರಣಗಳ ಸಾವುಗಳು ಹೆಚ್ಚು. ಒಟ್ಟು ಸಾವುಗಳಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಈ ಕೊನೆಯ ಸಂಗತಿಯ ಅರ್ಥವೇನೆಂದು ನಮ್ಮಲ್ಲೇ ವಾದ ನಡೆಯುತ್ತಿದೆ.

ಹಾಗಾಗಿ ಮುಂದಿನ ಭೇಟಿಯಲ್ಲಿ "ಸ್ಟೆಂಟ್ ಬೇಕೇ ಬೇಡವೇ" ಎಂದು ಕೇಳುವ ಬದಲು, ಆ ಬ್ಲಾಕ್‌ನಿಂದ ರಕ್ತದ ಹರಿವು ನಿಜವಾಗಿ ಎಷ್ಟು ತಗ್ಗಿದೆಯೆಂದು ಒತ್ತಡದ ತಂತಿಯಿಂದ (ನಾಳದೊಳಗೆ ತೂರಿಸಿ ರಕ್ತದ ಒತ್ತಡ ಅಳೆಯುವ ತಂತಿ) ಅಳೆದಿದ್ದಾರೆಯೇ ಎಂದು ಕೇಳಿ. ಬ್ಲಾಕ್‌ನ ಆಚೆಗಿನ ಒತ್ತಡ ಈಚೆಗಿನದರ ಶೇ. 80 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ಸ್ಟೆಂಟ್ ಹಾಕುವ ಕ್ರಮ 2009ರ ಫೇಮ್ ಪ್ರಯೋಗದ 1,005 ಮಂದಿಯಲ್ಲಿ ಬರಿಗಣ್ಣಿನ ಅಂದಾಜಿಗಿಂತ ಮೇಲೆನಿಸಿತು, ಶೇ. 70 ಎಂದು ಕಣ್ಣಿಗೆ ಕಂಡ ಎಷ್ಟೋ ಬ್ಲಾಕ್‌ಗಳು ಹರಿವಿಗೆ ಅಡ್ಡಿಯಾಗಿರಲಿಲ್ಲ. ನೋವು ತಗ್ಗಿಸುವ ಮಾತ್ರೆಗಳು ಸರಿಯಾದ ಪ್ರಮಾಣಕ್ಕೆ ಬಂದಿವೆಯೇ ಎಂದೂ ಕೇಳಿ. ನಡಿಗೆಯಿಲ್ಲದೆ ಕೂತಲ್ಲೇ ನೋವು ಬಂದರೆ, ವಿಶ್ರಾಂತಿ ಪಡೆದರೂ ಕೆಲವೇ ನಿಮಿಷಗಳಲ್ಲಿ ಹೋಗದಿದ್ದರೆ, ಅಥವಾ ಬೆವರು, ಉಸಿರುಗಟ್ಟುವಿಕೆ ಜೊತೆಗಿದ್ದರೆ ಮೇಲಿನ ಯಾವ ಪ್ರಯೋಗವೂ ನಿಮಗೆ ಅನ್ವಯಿಸದು. ಆಗ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಹಿರಿಮಗ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಕಳೆದು ಬರೆಯುತ್ತಿದ್ದೇನೆ. ಒತ್ತಡದ ತಂತಿಯ ಅಳತೆ ಮಾಡಿರಲಿಲ್ಲ ಎಂದು ತಿಳಿಯಿತು. ಸ್ಟ್ಯಾಟಿನ್ ಪ್ರಮಾಣವನ್ನು ಹೆಚ್ಚಿಸಿ, ನೋವಿಗೆ ಒಂದು ಮಾತ್ರೆ ಸೇರಿಸಿದ್ದಾರೆ. ಆರು ವಾರದ ನಂತರವೂ ಎದೆಬಿಗಿತ ಉಳಿದರೆ ಅಳತೆ ಮಾಡಿ, ಅದನ್ನು ನೋಡಿ ಸ್ಟೆಂಟ್ ಬಗ್ಗೆ ನಿರ್ಧರಿಸೋಣ ಎಂದು ಈಗ ಇಬ್ಬರು ವೈದ್ಯರೂ ಒಪ್ಪಿದ್ದಾರೆ. ಮೊದಲು ಸ್ಟೆಂಟ್ ಎಂದಿದ್ದವರನ್ನು ಕೇಳಿದೆ, ಅವರ ಮನಸ್ಸಿನಲ್ಲಿದ್ದದ್ದು ಆಯುಷ್ಯವೋ ನೋವೋ ಎಂದು. ನೋವೇ ಎಂದರು; ಮೆಟ್ಟಿಲು ಹತ್ತಲು ತೊಂದರೆಯಿದೆಯೆಂದು ಅಪ್ಪ ಅವರೊಬ್ಬರಿಗೇ ಮೊದಲ ದಿನವೇ ಹೇಳಿದ್ದರಂತೆ.

ಎದೆಬಿಗಿತದ ಪುಸ್ತಕ ಶುರುವಾಗಿದೆ. ಹನ್ನೆರಡು ದಿನದಲ್ಲಿ ಒಂದೇ ನಮೂದು, ಎರಡು ನಿಮಿಷದ್ದು. ಅದರ ಪಕ್ಕದಲ್ಲಿ ಅಪ್ಪ ತಮ್ಮ ಕೈಯಾರೆ "ಚೀಲ ಹೊತ್ತು ಹತ್ತಿದ್ದೆ" ಎಂದು ಬರೆದಿದ್ದಾರೆ.